ಅರ್ಧ ಗಂಟೆಯ ಜಾಹೀರಾತು

ನಾನು ಹೊಟ್ಟೆಪಾಡಿಗೆ ಜಾಹೀರಾತು ಬರೀತೀನಿ. ಹಾಗಾಗಿ ಯಾವ ಸೀರಿಯಲ್ ನೋಡಿದರೂ 'ಇದರಲ್ಲಿ ಏನನ್ನ ಮಾರ್ತಿದ್ದಾರೆ?' ಅಂತ ಹುಡುಕೋದು ಚಟವಾಗಿಬಿಟ್ಟಿದೆ. ಜಪಾನಿನ 'ಅಲ್ಟ್ರಾಮ್ಯಾನ್ ಗಿಂಗಾ' ಮಾತ್ರ ಆ ಹುಡುಕೋ ಕೆಲಸಾನೇ ಕೊಡಲಿಲ್ಲ. ಅದು ಗೊಂಬೆ ಮಾರುತ್ತೆ, ರಾಜಾರೋಷವಾಗಿ.

ಅಲ್ಟ್ರಾಮ್ಯಾನ್ ನಿಮಗೆ ಗೊತ್ತಿರಬಹುದು. ಬೆಳ್ಳಿ-ಕೆಂಪು ಮೈ, ಕಟ್ಟಡದೆತ್ತರದ ಆಳು, ಎದೆ ಮೇಲೊಂದು ಮಿಣುಕು ದೀಪ. ಗಾಡ್ಜಿಲಾ ಸಿನಿಮಾಗೆ ಸ್ಪೆಷಲ್ ಎಫೆಕ್ಟ್ಸ್ ಮಾಡಿದ ಎಯ್ಜಿ ತ್ಸುಬುರಾಯಾ ಅವರ ಕಂಪನಿ 1966ರಲ್ಲಿ ಶುರುಮಾಡಿದ ಸರಣಿ. ವೇಷ ತೊಟ್ಟ ಇಬ್ಬರು ಪುಟಾಣಿ ಮಾಡೆಲ್ ಊರಿನ ನಡುವೆ ಕುಸ್ತಿ ಆಡ್ತಾರೆ. ಆಮೇಲೆ ಮಕ್ಕಳು ಅವರ ವಿನೈಲ್ ಗೊಂಬೆ ಕೊಳ್ತಾರೆ. ಅಲ್ಲಿ ಕಥೆ ಮುಂದೆ, ಗೊಂಬೆ ಹಿಂದೆ.

2013ರ ಗಿಂಗಾದಲ್ಲಿ ಇದು ತಿರುವುಮುರುವು. ಕಥೆಯೊಳಗೇ ಅಲ್ಟ್ರಾಮ್ಯಾನ್‌ಗಳು, ರಾಕ್ಷಸರು ಎಲ್ಲರೂ ಗೊಂಬೆಗಳಾಗಿ ಬಿದ್ದಿದ್ದಾರೆ. ಹಿಕಾರು ಅನ್ನೋ ಹುಡುಗ ಗೊಂಬೆಯ ಅಂಗಾಲಿನ ಗುರುತನ್ನ ತನ್ನ ಕೈಲಿರೋ ಸಾಧನಕ್ಕೆ ತಾಗಿಸಿದರೆ ತಾನೇ ಆ ದೈತ್ಯನಾಗ್ತಾನೆ. ಬಂಡಾಯ್ ಕಂಪನಿ ಅಂಗಡಿಗೆ ತಂದಿದ್ದೂ ಅದೇ ಗೊಂಬೆ, ಅದೇ ಸಾಧನ, ಅಂಗಾಲಲ್ಲಿ ಅದೇ ಗುರುತು. ನಮ್ಮ ಆಫೀಸಲ್ಲಾಗಿದ್ರೆ ಇಂಥ ಐಡಿಯಾಗೆ ಚಪ್ಪಾಳೆ ಬೀಳ್ತಿತ್ತು. ನನಗೆ ಕಸಿವಿಸಿ ಆಯ್ತು. ಕಥೆ ಹೇಳೋ ನೆಪದಲ್ಲಿ ಅಪ್ಪ-ಅಮ್ಮನ ಜೇಬಿಗೇ ಕೈ ಅಲ್ವಾ ಇದು?

ಆದರೂ ನೋಡ್ತಾ ಹೋದೆ. ಎಲ್ಲರನ್ನೂ ಗೊಂಬೆ ಮಾಡಿದ ಖಳನ ಹೆಸರು ಡಾರ್ಕ್ ಲೂಗಿಯೆಲ್. ಜೀವದ ಕಾಲವನ್ನ ನಿಲ್ಲಿಸಿಬಿಟ್ಟರೆ ಅದೇ ಅಮರತ್ವ ಅನ್ನೋದು ಅವನ ವಾದ. ಅಂದ್ರೆ ಡಬ್ಬಿ ಒಡೆಯದೆ ಗೊಂಬೆಗಳನ್ನ ಶೋಕೇಸಲ್ಲಿಡೋ ನಮ್ಮಂಥವರೇ ಇಲ್ಲಿ ವಿಲನ್! ಇನ್ನು ಮೊದಲ ಕಂತಿನಲ್ಲೇ ಹಿಕಾರು ಬ್ಲ್ಯಾಕ್ ಕಿಂಗ್ ಆಗ್ತಾನೆ. ಹಳೇ ಸರಣಿಯಲ್ಲಿ ಅಲ್ಟ್ರಾಮ್ಯಾನ್ ವಿರುದ್ಧ ಹೋರಾಡಿದ ರಾಕ್ಷಸ ಅದು. ಮನಸ್ಸಲ್ಲಿ ಕಹಿ ಇಟ್ಟುಕೊಂಡವರ ಕೈಗೆ ಗೊಂಬೆ ಸಿಕ್ಕರೆ ಊರು ಹಾಳು, ಈ ಹುಡುಗನ ಕೈಗೆ ಸಿಕ್ಕರೆ ರಾಕ್ಷಸನೂ ಕಾಯ್ತಾನೆ.

ಗೊಂಬೆ ಮಾರೋಕೆ ಇಷ್ಟೆಲ್ಲ ಬೇಕಿರಲಿಲ್ಲ. ಅಂಗಾಲಿನ ಗುರುತೊಂದೇ ಸಾಕಿತ್ತು. ಬರೆದವರಿಗೆ ಗೊಂಬೆಯನ್ನ ಕಥೆಯಿಂದ ತೆಗೆಯೋ ಸ್ವಾತಂತ್ರ್ಯ ಇದ್ದಂತಿಲ್ಲ, ಆದರೆ ಗೊಂಬೆ ಹಿಡಿದ ಮಗುವಿಗೆ ಏನು ಹೇಳಬೇಕು ಅನ್ನೋದನ್ನ ಅವರು ಬಿಟ್ಟುಕೊಟ್ಟಿಲ್ಲ.

"ನೀನು ಬರೆಯೋದೆಲ್ಲ ಸುಳ್ಳು ತಾನೇ ಮಗಾ?" ಅಂತ ಅಪ್ಪ ಆಗಾಗ ಕೇಳ್ತಾರೆ. ನಕ್ಕು ಸುಮ್ಮನಾಗ್ತೀನಿ. ಈ ವಾರ ಮಕ್ಕಳ ಹಾಲಿಗೆ ಹಾಕೋ ಪುಡಿಯೊಂದರ ಕೆಲಸ ಬಂದಿದೆ. ಎತ್ತರ ಬೆಳೆಯದ ಮಗು ಎಲ್ಲದರಲ್ಲೂ ಹಿಂದೆ ಬೀಳುತ್ತೆ ಅನ್ನೋ ಭಯ ತಾಯಂದಿರಲ್ಲಿ ಹುಟ್ಟಬೇಕಂತೆ. ಪುಡಿ ಮಾರೋಣ, ಕುಳ್ಳಗಿರೋ ಮಗೂನ ಹೀಯಾಳಿಸೋದು ಬೇಡ ಅಂತ ಬೇರೆ ಸ್ಕ್ರಿಪ್ಟ್ ಬರೆದು ಕಳಿಸಿದ್ದೀನಿ. ಅವರು ಒಪ್ಪದಿದ್ದರೆ ಈ ಅಕೌಂಟ್ ನನ್ನ ಕೈತಪ್ಪುತ್ತೆ. ಸೋಮವಾರ ಮೀಟಿಂಗ್ ಇದೆ.