ಹೊಳೆಯ ಈಚೆ ನಿಂತ ತಿಂಗಳು

ನಾವು ಬೆಂಗ್ರೆಯ ಹೆಂಗಸರು. ಪಡುವಣಕ್ಕೆ ಕಡಲು, ಮೂಡಣಕ್ಕೆ ಫಲ್ಗುಣಿ ಹೊಳೆ, ನಡುವೆ ಒಂದು ಪಟ್ಟಿ ಹೊಯಿಗೆ. ಹೊಳೆಯಾಚೆ ಬಂದರು, ಬಂದರಿನಾಚೆ ಮಂಗಳೂರು. ಅಲ್ಲಿ ಆಸ್ಪತ್ರೆಗಳಿಗೇನೂ ಬರಗಾಲವಿಲ್ಲ. ದೇಶದ ಎಲ್ಲೆಲ್ಲಿಂದಲೋ ಡಾಕ್ಟರಿಕೆ ಕಲಿಯಲು ಮಕ್ಕಳು ಬರುವ ಊರು ಅದು. ದೋಣಿಯಲ್ಲಿ ಕೂತು ಒಂದು ಎಲೆಅಡಿಕೆ ಜಗಿಯುವಷ್ಟರಲ್ಲಿ ಆಚೆ ದಡ. ಆದರೂ ಬೇಡದ ಹೊತ್ತಿನಲ್ಲಿ ತಿಂಗಳು ನಿಂತರೆ, ಅಷ್ಟಗಲದ ಹೊಳೆ ದಾಟಲು ನಮ್ಮವಳಿಗೆ ಎರಡು ತಿಂಗಳು ಬೇಕಾಗುತ್ತದೆ. ಯಾಕೆ ಅಂತ ಹೇಳಲಿಕ್ಕೆ ಇದನ್ನು ಬರೆಯುತ್ತಿದ್ದೇವೆ.

ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಗಂಡಸರು ಮನೆಯಲ್ಲಿ, ಕೈಯಲ್ಲಿ ಕಾಸಿಲ್ಲ, ಹೊರಗೆ ಆಟಿಯ ಮಳೆ. ಆಗಸ್ಟಿನಲ್ಲಿ ಬೋಟು ಹೊರಟ ಮೇಲೆ ದಕ್ಕೆಯಲ್ಲಿ ಮೀನು ಹೆಕ್ಕುವಾಗ ಒಬ್ಬಳಿಗೆ ಮೀನಿನ ವಾಸನೆಗೆ ಹೊಟ್ಟೆ ತೊಳಸುತ್ತದೆ. ಹುಟ್ಟಿದಂದಿನಿಂದ ಮೂಗಿಗೆ ಹೊಂದಿಕೊಂಡ ವಾಸನೆ! ಪಕ್ಕದವಳಿಗೆ ಗೊತ್ತಾಗುತ್ತದೆ.

"ಎಂತ ಅಕ್ಕ, ಹುಷಾರಿಲ್ವಾ?"

"ಎಂತ ಇಲ್ಲ ಮಾರಾಯ್ತಿ, ಗ್ಯಾಸು."

ಆ ಗ್ಯಾಸಿನಲ್ಲೇ ನಾಲ್ಕು ವಾರ ಕಳೆದುಹೋಗುತ್ತದೆ.

ಬೇಡದ ಬಸಿರು ಅಂದ ಕೂಡಲೇ ನಿಮ್ಮ ಕಣ್ಣೆದುರು ದಾರಿ ತಪ್ಪಿದ ಹುಡುಗಿಯೊಬ್ಬಳು ಬಂದು ನಿಲ್ಲುತ್ತಾಳಲ್ಲ, ಆ ಸಿನಿಮಾ ಬಿಡಿ. ನಮ್ಮಲ್ಲಿ ಅವಳು ಹೆಚ್ಚಾಗಿ ಮೂರು ಹೆತ್ತವಳು. ಮಗು ಮೊಲೆ ಕುಡಿಯುವಷ್ಟು ದಿನ ಬಸಿರು ನಿಲ್ಲುವುದಿಲ್ಲ ಅಂತ ಅತ್ತೆ ಹೇಳಿದ್ದನ್ನು ನಂಬಿದವಳು. ಕುಡಿದು ಬಂದ ಗಂಡನಿಗೆ ಬೇಡ ಅನ್ನಲಾರದವಳು. ಮದುವೆಯಾಗದ ಹುಡುಗಿಯೂ ಇದ್ದಾಳೆ. ಅವಳನ್ನು ಕೆಡಿಸಿದವನ ಹೆಸರನ್ನು ಮಾತ್ರ ಊರು ಯಾವತ್ತೂ ಕೇಳುವುದಿಲ್ಲ.

ಮೊದಲು ಪಪ್ಪಾಯಿ, ಆಮೇಲೆ ಅನಾನಸು, ಆಮೇಲೆ ಕರಿಎಳ್ಳು ಬೆಲ್ಲ. ಅದರಿಂದ ಬಸಿರು ಇಳಿಯುವುದಿಲ್ಲ. ಕೈಯಲ್ಲಿದ್ದ ವಾರಗಳು ಇಳಿಯುತ್ತವೆ ಅಷ್ಟೆ. ಅಜ್ಜಿಯಂದಿರ ಕಾಲದಲ್ಲಿ ಎಕ್ಕದ ಕಡ್ಡಿ ಇತ್ತು. ಅದರಿಂದ ನಂಜೇರಿ ಸತ್ತವರನ್ನು ಜ್ವರ ಬಂದು ಸತ್ತಳು ಅಂತ ಹೇಳಿ ಮಣ್ಣು ಮಾಡಿದರು. ಈಗ ಗಂಡ ಮೆಡಿಕಲ್ ಶಾಪಿನಿಂದ ಕಾಗದದಲ್ಲಿ ಸುತ್ತಿ ಮಾತ್ರೆ ತರುತ್ತಾನೆ. ಎಷ್ಟು ವಾರ, ರಕ್ತ ಎಷ್ಟಿದೆ, ಯಾರೂ ಕೇಳುವುದಿಲ್ಲ.

ವಾರದ ಲೆಕ್ಕವೇ ನಮಗೆ ಯಾರೂ ಕಲಿಸಿಲ್ಲ. ಡಾಕ್ಟರು ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಅಂದರೆ ತಿಂಗಳು ತಪ್ಪಿತು ಅಂತ ನಮಗೆ ಗೊತ್ತಾಗುವ ದಿನವೇ ನಾಲ್ಕು ವಾರ ಆಗಿಹೋಗಿರುತ್ತದೆ. ಹಾಗಾಗಿ ಮುಟ್ಟು ತಪ್ಪಿದ ವಾರವೇ ಮೂತ್ರ ಪರೀಕ್ಷೆ ಮಾಡಬೇಕು. ಆಶಾ ಅಕ್ಕನ ಹತ್ತಿರ ಅದರ ಕಿಟ್ ಸಿಗುತ್ತದೆ. ಅವಳೂ ನಮ್ಮ ಓಣಿಯವಳೇ ಅಂತ ನಾಚಿಕೆಯಾದರೆ ಹೊಳೆ ದಾಟಿ ಅಂಗಡಿಯಲ್ಲಿ ಕೊಳ್ಳಿ.

9 ವಾರದೊಳಗಾದರೆ ಮಾತ್ರೆಯಲ್ಲಿ ಆಗುತ್ತದೆ, ಆದರೆ ಡಾಕ್ಟರು ನೋಡಿ ಕೊಡಬೇಕು. ಬಸಿರು ಗರ್ಭಕೋಶದೊಳಗೆ ಉಂಟೋ, ನಳಿಕೆಯಲ್ಲಿ ಉಂಟೋ ಅಂತ ಮೊದಲು ತಿಳಿಯಬೇಕು. ನಳಿಕೆಯಲ್ಲಿದ್ದರೆ ಆ ಮಾತ್ರೆಗೆ ಅದು ಬಗ್ಗುವುದಿಲ್ಲ. ನಳಿಕೆ ಒಡೆದರೆ ರಕ್ತ ಹೊಟ್ಟೆಯೊಳಗೇ ಸುರಿದು ಜೀವ ಹೋಗಬಹುದು. ಮೈಯಲ್ಲಿ ರಕ್ತ ಕಡಿಮೆ ಇರುವವಳು (ನಮ್ಮಲ್ಲಿ ಯಾರಿಗೆ ಜಾಸ್ತಿ ಉಂಟು?) ಅದನ್ನು ಮೊದಲೇ ಪರೀಕ್ಷೆ ಮಾಡಿಸಬೇಕು. 12 ವಾರದ ತನಕ ಸಾಮಾನ್ಯವಾಗಿ ಹೀರಿ ತೆಗೆಯುವ ಸಣ್ಣ ವಿಧಾನ ಸಾಕು. ಅದು ದಾಟಿದರೆ ಕೆಲಸ ದೊಡ್ಡದು, ಅಪಾಯವೂ ಹೆಚ್ಚು.

ಬ್ರಿಟಿಷರು 1860ರಲ್ಲಿ ಬರೆದ ದಂಡಸಂಹಿತೆ ಬಸಿರು ಕಳೆದುಕೊಂಡ ಹೆಂಗಸನ್ನೂ ಅಪರಾಧಿ ಮಾಡಿತ್ತು. 1971ರಲ್ಲಿ ಪಾರ್ಲಿಮೆಂಟು ಗರ್ಭಪಾತದ ಕಾನೂನು ಮಾಡಿತು, ಅದು 1972ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಐವತ್ತು ವರ್ಷ ದಾಟಿದರೂ ಅದು ನಮ್ಮ ದೋಣಿ ಹತ್ತಿಲ್ಲ. 2021ರ ತಿದ್ದುಪಡಿಯ ಪ್ರಕಾರ 20 ವಾರದ ತನಕ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು. ಅತ್ಯಾಚಾರಕ್ಕೆ ಒಳಗಾದವರು, 18 ತುಂಬದವರು, ಬಸಿರಿನ ನಡುವೆ ಗಂಡ ಸತ್ತವರು, ಬಿಟ್ಟವರು ಇಂಥವರಿಗೆ ಇಬ್ಬರು ಡಾಕ್ಟರು ಒಪ್ಪಿದರೆ 24 ವಾರದ ತನಕ. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟು ಮದುವೆಯಾಗದವಳಿಗೂ ಇದೇ ಹಕ್ಕು ಅಂದಿತು. ಗಂಡನೇ ಬಲಾತ್ಕಾರ ಮಾಡಿದ್ದರೆ ಈ ಕಾನೂನಿನ ಮಟ್ಟಿಗೆ ಅದೂ ಅತ್ಯಾಚಾರವೇ ಅಂದಿತು. ಇಷ್ಟಾದರೂ ಕಾಗದದಲ್ಲಿ ಕೊನೆಯ ಮಾತು ಡಾಕ್ಟರದ್ದು, ಹೊಟ್ಟೆ ಹೊತ್ತವಳದ್ದಲ್ಲ. ಅದನ್ನೂ ಹೇಳಬೇಕು.

ನಮ್ಮವಳೊಬ್ಬಳು ಆಚೆ ದಡದ ಒಂದು ಕ್ಲಿನಿಕ್ಕಿಗೆ ಹೋದಳು. "ಗಂಡನ ಸೈನು ಬೇಕು" ಅಂದರು. ಗಂಡ ಆಳಸಮುದ್ರದಲ್ಲಿ, ಬರಲು ಹತ್ತು ದಿನ. ವಾಪಸ್ಸು ಬಂದಳು. 18 ತುಂಬಿದವಳಿಗೆ ಅವಳ ಒಪ್ಪಿಗೆಯೊಂದೇ ಸಾಕು ಅಂತ ಕಾನೂನಿನಲ್ಲೇ ಇದೆ. ಗಂಡನೂ ಬೇಡ, ಅತ್ತೆಯೂ ಬೇಡ. ಹೆಸರು ಗುಟ್ಟಾಗಿಡದ ಡಾಕ್ಟರಿಗೆ ಶಿಕ್ಷೆಯೂ ಉಂಟು. ಇದು ಬಾಯಿಪಾಠ ಬಂದಿದ್ದರೆ ಅವಳು ಮೇಜಿನ ಮುಂದೆಯೇ ಕೂತಿರುತ್ತಿದ್ದಳು. 18ಕ್ಕಿಂತ ಸಣ್ಣವಳಾದರೆ ಪೋಷಕರ ಸಹಿ ಬೇಕು, ಪೋಲೀಸರಿಗೂ ತಿಳಿಸಬೇಕು. ಆದರೆ ಅವಳು ಕೇಳಿಕೊಂಡರೆ ಡಾಕ್ಟರು ಹೆಸರು ಹೇಳಬೇಕಿಲ್ಲ ಅಂತ ಅದೇ ತೀರ್ಪಿನಲ್ಲಿದೆ.

ಬಡವರ ಹಟ್ಟಿಯ ಸಂಕಟ ಇದು ಅಂದುಕೊಳ್ಳುವವರಿಗೆ ಬೆಳಗಾವಿಯ ಸವಿತಾ ಹಾಲಪ್ಪನವರ ನೆನಪಿರಲಿ. ಓದಿದವಳು, ಹಲ್ಲಿನ ಡಾಕ್ಟರು, ಐರ್ಲೆಂಡಿನ ಗಾಲ್ವೆಯಲ್ಲಿ ಇದ್ದವಳು. ಅವಳದು ಬೇಕಾಗಿದ್ದ ಬಸಿರು. 17 ವಾರಕ್ಕೆ ಅದು ಉಳಿಯುವುದಿಲ್ಲ ಅಂತ ಗೊತ್ತಾದಾಗ ತೆಗೆಯಿರಿ ಅಂತ ಕೇಳಿಕೊಂಡಳು. ಕೂಸಿನ ಎದೆ ಬಡಿತ ಇನ್ನೂ ಇದೆ ಅಂತ ತೆಗೆಯಲಿಲ್ಲ. ನಂಜು ರಕ್ತಕ್ಕೇರಿ 2012ರ ಅಕ್ಟೋಬರ್ 28ರಂದು ಸತ್ತಳು, 31 ವರ್ಷ. ಆ ದೇಶದ ಜನ ಬೀದಿಗಿಳಿದರು. 2018ರ ಮೇ 25ರ ಜನಮತದಲ್ಲಿ ನೂರಕ್ಕೆ 66 ಮಂದಿ ಆ ನಿಷೇಧ ಕಿತ್ತುಹಾಕಲು ಓಟು ಹಾಕಿದರು. ಅಲ್ಲಿ ಅವಳಿಗೆ ಕಾನೂನು ಇರಲಿಲ್ಲ. ಇಲ್ಲಿ ನಮಗೆ ಕಾನೂನು ಇದೆ, ಅದನ್ನು ಹೇಳುವ ಬಾಯಿ ಇಲ್ಲ.

ಇಟ್ಟುಕೊಳ್ಳುತ್ತೇನೆ ಅನ್ನುವವಳೂ ನಮ್ಮವಳೇ. ಅವಳು ಬೇಗ ತಾಯಿ ಕಾರ್ಡು ಮಾಡಿಸಲಿ, ರಕ್ತ, ಬಿ.ಪಿ., ಸಕ್ಕರೆ ನೋಡಿಸಲಿ, ಕಬ್ಬಿಣದ ಮಾತ್ರೆ ಬಿಡದೆ ನುಂಗಲಿ. ಹೆತ್ತು ಸಾಕಲಾರೆ ಅನ್ನುವವಳು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ ಮಗುವನ್ನು ಒಪ್ಪಿಸಬಹುದು. ಮನಸ್ಸು ತಿರುಗಿದರೆ ವಾಪಸ್ಸು ಕೇಳಲು 60 ದಿನ ಇದೆ. ಪೊದೆಯಲ್ಲಿ ಕೂಸು ಸಿಕ್ಕಿದ ಸುದ್ದಿ ಓದಿ "ಎಂಥಾ ತಾಯಿ" ಅನ್ನುವ ಸಜ್ಜನರು ಈ ದಾರಿಯನ್ನು ಯಾವ ಹುಡುಗಿಗಾದರೂ ಒಮ್ಮೆ ಹೇಳಿದ್ದಾರಾ?

ಮಾತ್ರೆ ತಿಂದಾಗಿದೆ, ಗಂಟೆಗೆ ಎರಡು ಪ್ಯಾಡು ನೆನೆದು, ಎರಡು ಗಂಟೆಯಾದರೂ ರಕ್ತ ನಿಲ್ಲುತ್ತಿಲ್ಲ, ಅಥವಾ ಜ್ವರ, ಕೆಟ್ಟ ವಾಸನೆ, ತಲೆ ಸುತ್ತು, ತಡೆಯಲಾರದ ನೋವು ಅಂದರೆ ಬೆಳಗಾಗಲಿ ಅಂತ ಕಾಯಬೇಡಿ. ಹಂಪನಕಟ್ಟೆಯಲ್ಲಿ ಲೇಡಿಗೋಷನ್ ಸರ್ಕಾರಿ ಆಸ್ಪತ್ರೆ ಉಂಟು. ಏನು ತಿಂದಿರಿ ಅಂತ ಡಾಕ್ಟರಿಗೆ ಮುಚ್ಚಿಡಬೇಡಿ. ದೋಣಿ ನಿಂತ ಹೊತ್ತಾದರೆ 108ಕ್ಕೆ ಫೋನು ಮಾಡಿ. ಆ ಗಾಡಿ ಕೂಳೂರು, ಪಣಂಬೂರು, ತಣ್ಣೀರುಬಾವಿ ಸುತ್ತಿ ಬರಬೇಕು. ಬರುವ ತನಕ ಅವಳ ಹತ್ತಿರ ಯಾರಾದರೂ ಕೂತಿರಿ.