ಮಾತಂಗದ ನೆತ್ತಿಯಲ್ಲಿ ಬೆಳಕಿನ ಲೆಕ್ಕ

ಹಂಪಿಯ ಮಾತಂಗ ಬೆಟ್ಟದ ಮೆಟ್ಟಿಲುಗಳಲ್ಲಿ ಇನ್ನೂ ರಾತ್ರಿಯ ತಂಪಿದೆ. ಟಾರ್ಚ್ ಹಿಡಿದು ಏರಿ, ನೆತ್ತಿಯ ವೀರಭದ್ರ ಗುಡಿ ಮುಟ್ಟುವ ಹೊತ್ತಿಗೆ ಮೂಡಣ ಕೆಂಪೇರುತ್ತದೆ. ಬುಡದಲ್ಲಿ ಅಚ್ಯುತರಾಯ ಗುಡಿಯ ಪ್ರಾಕಾರ, ಬಾಳೆತೋಟಗಳ ಮೇಲೆ ತೆಳು ಮಂಜು, ಆಚೆ ತುಂಗಭದ್ರೆಯ ಮಿನುಗು, ದಿಕ್ಕುದಿಕ್ಕಿಗೂ ಗುಂಡುಬಂಡೆ. ಎಲ್ಲಿಂದಲೋ ನವಿಲಿನ ಕೂಗು.

ಸೂರ್ಯ ಇಣುಕಿದ್ದೇ ತಡ, ಕ್ಯಾಮೆರಾಕ್ಕೆ ಇಕ್ಕಟ್ಟು. ಆಕಾಶಕ್ಕೆ ಹೊಂದಿಸಿದರೆ ಕಣಿವೆ ಕಪ್ಪು, ಕಣಿವೆಗೆ ಹೊಂದಿಸಿದರೆ ಆಕಾಶ ಬರೀ ಬಿಳಿ. ಪಕ್ಕದ ಹುಡುಗ ಕ್ಯಾಮೆರಾವನ್ನು ಬಂಡೆಗೆ ಒತ್ತಿಟ್ಟು ಮೂರು ಚಿತ್ರ ತೆಗೆಯುತ್ತಾನೆ: ಬೆಳಕು ಎರಡು ಸ್ಟಾಪ್ ಕಡಿಮೆ, ಸಮ, ಎರಡು ಸ್ಟಾಪ್ ಹೆಚ್ಚು. ಹೀಗೆ ತೆಗೆದ ಮೂರನ್ನೂ ಒಂದಾಗಿ ಬೆಸೆದ ನಿನ್ನೆಯ ಎಚ್‌ಡಿಆರ್ ಚಿತ್ರವನ್ನೂ ಪ್ರೀತಿಯಿಂದ ತೋರಿಸುತ್ತಾನೆ. ಬಂಡೆಯ ಒಂದೊಂದು ಬಿರುಕೂ ಸ್ಪಷ್ಟ. ಆದರೆ ಗೋಪುರದ ಅಂಚಿಗೆ ಬಿಳಿ ಪ್ರಭೆ ಮೆತ್ತಿಕೊಂಡಿದೆ, ನೆರಳೆಲ್ಲ ಬೆಳಗಿ ಮುಂಜಾವೇ ಕಾಣೆಯಾಗಿದೆ. ನಾನು ಆಕಾಶ ಸುಟ್ಟುಹೋಗದಷ್ಟು ಬೆಳಕಿಗೆ ಒಂದೇ ರಾ ಫೈಲ್ ತೆಗೆಯುತ್ತೇನೆ. ಸುಟ್ಟ ಬಿಳಿಯಲ್ಲಿ ಮರಳಿ ಪಡೆಯಲು ಏನೂ ಉಳಿದಿರುವುದಿಲ್ಲ. ಕತ್ತಲಲ್ಲಿ ವಿವರ ಅಡಗಿರುತ್ತದೆ. ಆಮೇಲೆ ನೆರಳನ್ನು ತುಸು ಎತ್ತಿದರಾಯಿತು. ಕಣಿವೆ ಅರೆಗತ್ತಲಲ್ಲೇ ಇರಲಿ, ಈ ಹೊತ್ತಿನ ಹಂಪಿ ಇರುವುದೇ ಹಾಗೆ.

ಈ ಇಕ್ಕಟ್ಟು ಹಳೆಯದು. 1856ರಲ್ಲಿ ಛಾಯಾಗ್ರಾಹಕ ಅಲೆಕ್ಸಾಂಡರ್ ಗ್ರೀನ್‌ಲಾ ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯ ಗುಡಿಗಳನ್ನು ಹಿಡಿದಿಟ್ಟರು. ಆ ಕಾಲದ ರಾಸಾಯನಿಕಗಳು ನೀಲಿಗೆ ವಿಪರೀತ ಸ್ಪಂದಿಸುತ್ತಿದ್ದವು. ಆಕಾಶ ಸುಲಭವಾಗಿ ಬೆಳ್ಳಗಾಗಿಬಿಡುತ್ತಿತ್ತು. ಅದೇ ದಶಕದಲ್ಲಿ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಕಡಲಿಗೊಂದು, ಮುಗಿಲಿಗೊಂದು ನೆಗೆಟಿವ್ ಬಳಸಿ ಒಂದೇ ಚಿತ್ರ ಮುದ್ರಿಸಿದರು. ಬೆಸೆಯುವ ಆಸೆಗೆ ಅಷ್ಟು ವಯಸ್ಸಾಗಿದೆ!

ಇಳಿದು ಅಚ್ಯುತರಾಯ ಗುಡಿಯ ಮಂಟಪ ಹೊಕ್ಕರೆ ನನ್ನ ಲೆಕ್ಕ ತಿರುವುಮುರುವು. ಒಳಗೆ ಕಾಡಿಗೆಗಪ್ಪು, ಹೊರಗೆ ಉರಿಬಿಸಿಲಿನ ಅಂಗಳ. ಕಣ್ಣಿಗೆ ಕಂಬದ ಕೆತ್ತನೆಯೂ ಅಂಗಳವೂ ಒಟ್ಟಿಗೆ ದಕ್ಕುತ್ತವೆ. ಒಂದೇ ಫೈಲಿನ ನೆರಳನ್ನು ಅಷ್ಟು ಎತ್ತಿದರೆ ಕೆತ್ತನೆಯ ಮೇಲೆಲ್ಲ ಮರಳಿನಂಥ ಕಾಳು. ಇಲ್ಲಿ ಮೂರು ಎಕ್ಸ್‌ಪೋಷರ್ ಬೇಕೇ ಬೇಕು. ಕಲ್ಲು ಅಲುಗದು, ಬೆಸುಗೆ ಒಪ್ಪುತ್ತದೆ.

ಅಷ್ಟರಲ್ಲಿ ಗಂಟೆಯ ಸದ್ದು. ಆಡುಗಳ ಹಿಂಡು ಅಂಗಳಕ್ಕೆ ನುಗ್ಗುತ್ತದೆ. ಕಾಯುವ ಅಜ್ಜಿ ನನ್ನ ಮೂರು ಕ್ಲಿಕ್ ಕೇಳಿ ನಗುತ್ತಾಳೆ: “ಅವು ನಿಂದ್ರೂದಿಲ್ರಿ ಯಪ್ಪಾ!” ನಿಜ, ಬೆಸೆದರೆ ಆಡಿಗೊಂದೊಂದು ಭೂತ ಹುಟ್ಟುತ್ತದೆ. ಮತ್ತೆ ಒಂದೇ ಕ್ಲಿಕ್ಕಿಗೆ ಮರಳುತ್ತೇನೆ, ಬಿಸಿಲಿಗೆ ಹೊಂದಿಸಿ. ಮುಂದಿನ ನಡಿಗೆ ವಿರೂಪಾಕ್ಷನ ಗುಡಿಗೆ. ಅಲ್ಲಿ ಕತ್ತಲ ಕೋಣೆಯ ಪುಟ್ಟ ಕಿಂಡಿಯಿಂದ ಬೆಳಕು ತೂರಿ, ರಾಜಗೋಪುರವನ್ನು ಗೋಡೆಯ ಮೇಲೆ ತಲೆಕೆಳಗಾಗಿ ಬರೆಯುತ್ತದೆಯಂತೆ. ಬಿಸಿಲು ಸರಿಯುವ ಮೊದಲೇ ತಲುಪಬೇಕು.