ಹಲಸಿಯ ದಾರಿಯಲ್ಲಿ ಸನ್ಹೇರೀಬ

ಬೆಳಗಾವಿಯ ಟಿಳಕವಾಡಿಯ ನಮ್ಮ ಓಣಿಯಲ್ಲೊಬ್ಬ ಮಾಸ್ತರ್ರಿದ್ದಾರೆ. ಮೆಥಡಿಸ್ಟ್ ಮನೆತನದವರು. ಸಾಲಿ ನೌಕರಿಯಿಂದ ನಿವೃತ್ತರಾದ ಮೇಲೆ ಅವರಿಗೆ ಹತ್ತಿದ ಗೀಳು ಒಂದೇ: ಬೈಬಲ್ಲಿನಲ್ಲಿ ಬರುವ ಅರಸರು, ಅಧಿಕಾರಿಗಳು ನಿಜಕ್ಕೂ ಇದ್ದರು ಎನ್ನಲು ಮಣ್ಣಿನೊಳಗೆ ಸಾಕ್ಷಿ ಏನಿದೆ? ನನ್ನ ಗೀಳು ಖಾನಾಪುರ ತಾಲೂಕಿನ ಹಲಸಿ. ಕದಂಬರ ತಾಮ್ರಪಟಗಳಲ್ಲಿ ಪಲಾಶಿಕಾ ಎಂದು ಬರುವ ಊರು ಅದು. ಎರಡೂ ಗೀಳುಗಳು ಸೇರಿ ಒಂದು ಮುಂಜಾನೆ ಗೋವಾವೇಸಿನಲ್ಲಿ ಖಾನಾಪುರದ ಬಸ್ಸು ಹತ್ತಿದವು.

ಬಸ್ಸು ಮಚ್ಛೆ ದಾಟುವ ಹೊತ್ತಿಗೆ ಮಾಸ್ತರ್ರು ಶುರು ಮಾಡಿದ್ದರು. "ದಾವೀದ ಬರೇ ಕಥಿ ಅಂತಿದ್ರು ತಮ್ಮಾ. 1993ರಾಗ ತೇಲ್ ದಾನ್‌ದಾಗ ಕಲ್ಲು ಸಿಕ್ತು ನೋಡು, ಬಾಯಿ ಮುಚ್ಚಿದ್ರು." ಎಲ್ಲರೂ ಮುಚ್ಚಲಿಲ್ಲ, ಆ ಕಲ್ಲಿನಲ್ಲಿ ದಾವೀದನ ಹೆಸರಿದೆ ಎಂಬ ಓದನ್ನು ಒಪ್ಪದ ಕೆಲವರು ಇದ್ದರು ಎಂದೆ. ಆದರೂ ಮಾಸ್ತರ್ರ ಮಾತಿನಲ್ಲಿ ಹುರುಳಿದೆ. ಇಸ್ರೇಲಿನ ಉತ್ತರದ ಅಂಚಿನ ಆ ದಿಬ್ಬದಲ್ಲಿ ಸಿಕ್ಕಿದ್ದು ಕ್ರಿ.ಪೂ. 9ನೆಯ ಶತಮಾನದ ಅರಮಾಯಿಕ್ ಶಾಸನದ ಒಡಕು. ಬರೆಸಿದವನು ಶತ್ರು ರಾಜ. ಇಸ್ರೇಲಿನ ಅರಸನನ್ನೂ ದಾವೀದನ ಮನೆತನದವನನ್ನೂ ಕೊಂದೆನೆಂದು ಕೊಚ್ಚಿಕೊಂಡಿದ್ದಾನೆ. ಆಮೇಲೆ ಯಾರೋ ಆ ಕಲ್ಲನ್ನು ಒಡೆದು ಗೋಡೆಗೆ ಹಾಕಿದರು. ಯೇಸುವನ್ನು ಶಿಲುಬೆಗೆ ಒಪ್ಪಿಸಿದ ಪಿಲಾತನ ಹೆಸರುಳ್ಳ ಕಲ್ಲೂ ಹಾಗೆಯೇ, 1961ರಲ್ಲಿ ಕೈಸರೈಯದ ರಂಗಮಂದಿರದಲ್ಲಿ ಮೆಟ್ಟಿಲಾಗಿ ಬಿದ್ದಿತ್ತು. ಶಾಸನದ ಮೇಲೆ ಅರಿವೆ ಒಗೆಯುವ ನಮ್ಮ ಊರುಗಳನ್ನು ಬಯ್ಯುವವರು ಇದನ್ನೂ ನೆನಪಿಡಬೇಕು.

ಖಾನಾಪುರದಲ್ಲಿ ಇಳಿದು, ಮಲಪ್ರಭೆಯ ಸೇತುವೆಯ ಕಡೆ ಒಂದಿಷ್ಟು ಅಡ್ಡಾಡಿ, ಚಹಾ ಕುಡಿದೆವು. ಇಲ್ಲಿಯ ಕೆಂಪು ಮಣ್ಣು ಹಂಚಿಗೂ ಗಡಿಗೆಗೂ ಹೆಸರಾದದ್ದು. ಪ್ಯಾಲೆಸ್ಟೈನಿನಲ್ಲಿ 1890ರಲ್ಲಿ ಫ್ಲಿಂಡರ್ಸ್ ಪೆಟ್ರಿ ತೇಲ್ ಎಲ್-ಹೆಸಿ ದಿಬ್ಬ ಅಗೆದಾಗ ಪದರ ಪದರದ ಕಾಲ ಹೇಳಿದ್ದು ಚಿನ್ನವಲ್ಲ, ಒಡೆದ ಗಡಿಗೆಯ ಚೂರುಗಳು. ಗಡಿಗೆಯ ಕಂಠದ ಆಕಾರ ಕಾಲಕಾಲಕ್ಕೆ ಬದಲಾಗುತ್ತದೆ, ಅದನ್ನು ಓದಬಲ್ಲವನಿಗೆ ಅದೇ ಪಂಚಾಂಗ. ಆದರೆ ಗಡಿಗೆಯ ಚೂರು ಯಾರ ಹೆಸರನ್ನೂ ಪಕ್ಷಪಾತದಿಂದ ಹೇಳುವುದಿಲ್ಲ. 1950ರ ದಶಕದಲ್ಲಿ ಯೆರಿಕೋವನ್ನು ಅಗೆದ ಕ್ಯಾಥ್ಲೀನ್ ಕೆನ್ಯನ್ ಅವರಿಗೆ ಬೈಬಲ್ ಹೇಳುವ, ಯೆಹೋಶುವನ ಕಾಲಕ್ಕೆ ಹೊಂದುವ, ಕುಸಿದ ಕೋಟೆಗೋಡೆ ಕಾಣಲಿಲ್ಲ. ಮೋಶೆಯ ಹೆಸರು ಈಜಿಪ್ಟಿನ ಯಾವ ಕಲ್ಲಿನಲ್ಲೂ ಇಲ್ಲ. ಇಸ್ರೇಲ್ ಎಂಬ ಜನರ ಹೆಸರು ಮಾತ್ರ ಕ್ರಿ.ಪೂ. 1208ರ ಸುಮಾರಿನ ಮೆರ್ನೆಪ್ತಾನ ಶಾಸನದಲ್ಲಿದೆ. ಮಾಸ್ತರ್ರು ಸುಮ್ಮನೆ ಬಟ್ಟಲು ಕೆಳಗಿಟ್ಟರು.

ಹಲಸಿಗೆ ನಂದಗಡದ ಮೇಲೆ ಹೋಗಬೇಕು. ಕಾಡು, ಗದ್ದೆ, ಅಲ್ಲಲ್ಲಿ ಗೋಡಂಬಿ ತೋಟ, ಮರಾಠಿ ಕನ್ನಡ ಬೆರೆತ ಮಾತು. ಊರ ಹೊರಗೆ ನಂದಗಡದ ರಸ್ತೆಯ ಬದಿಗೆ ಚಕ್ರತೀರ್ಥ ಎಂಬ ಚಿಕ್ಕ ಬಾವಿ. ಅದರ ಪಕ್ಕದ ಮಣ್ಣುದಿಬ್ಬದಲ್ಲಿ ಸಿಕ್ಕ ಕದಂಬ ತಾಮ್ರಪಟಗಳನ್ನು ಓದಿ ಅಚ್ಚು ಹಾಕಿಸಿದವರು ಜೆ.ಎಫ್. ಫ್ಲೀಟ್. ಕದಂಬ ಅರಸ ಮೃಗೇಶವರ್ಮ ತನ್ನ ತಂದೆಯ ನೆನಪಿಗೆ ಪಲಾಶಿಕೆಯಲ್ಲಿ ಜಿನಾಲಯ ಕಟ್ಟಿಸಿದ್ದು, ರವಿವರ್ಮನ ಕಾಲದ ಕಾರ್ತಿಕದ ಎಂಟು ದಿನಗಳ ಜಿನೋತ್ಸವ, ಮಳೆಗಾಲದ ನಾಲ್ಕು ತಿಂಗಳು ಯತಿಗಳ ಊಟದ ಏರ್ಪಾಡು, ಇಷ್ಟೆಲ್ಲ ಈ ಪಟಗಳಿಂದಲೇ ಗೊತ್ತಾದದ್ದು. ಗುದ್ದಲಿ ಒಂದು ಮಾರು ಆಚೆ ಬಿದ್ದಿದ್ದರೆ? ಸಿಗದಿರುವುದನ್ನೇ ಇಲ್ಲ ಎನ್ನಲು ಅವಸರ ಬೇಡ ಎಂಬ ಮಾಸ್ತರ್ರ ವಾದಕ್ಕೆ ಇಲ್ಲಿ ನಾನು ತಲೆಬಾಗಬೇಕಾಯಿತು.

ಭೂವರಾಹ ನರಸಿಂಹ ಗುಡಿಯಲ್ಲಿ ಎರಡು ಗರ್ಭಗುಡಿಗಳು ಎದುರುಬದುರು. ಕಟ್ಟೆಯ ಮೇಲೆ ಕುಳಿತು ಲೆಕ್ಕದ ಮಾತಿಗೆ ಇಳಿದೆವು. ಈ ಗುಡಿಯ ಗೋವೆ ಕದಂಬರ ಶಾಸನ ಕಲಿವರ್ಷ 4270 ಎನ್ನುತ್ತದೆ, ಅಂದರೆ ಸುಮಾರು 1169. ಅನುಮಾನವೇ ಇಲ್ಲ. ಆದರೆ ಹಳೆಯ ಕದಂಬರ ಕಾಕುಸ್ಥವರ್ಮನ ತಾಮ್ರಪಟ ಎಂಬತ್ತನೆಯ ವರ್ಷ ಎಂದಷ್ಟೇ ಹೇಳಿ ಕೈತೊಳೆದುಕೊಳ್ಳುತ್ತದೆ. ಬೈಬಲ್ಲಿನ ಅರಸುಗಳ ಪುಸ್ತಕಗಳದ್ದೂ ಇದೇ ಕಥೆ, ಇಂಥವನ ಆಳ್ವಿಕೆಯ ಇಷ್ಟನೆಯ ವರ್ಷ. ಆ ಸರಪಳಿಗೆ ಗೂಟ ಬಡಿದವರು ಅಶ್ಶೂರದವರು. ಅವರ ವರ್ಷಪಟ್ಟಿಯಲ್ಲಿ ಒಂದು ಸೂರ್ಯಗ್ರಹಣ ದಾಖಲಾಗಿದೆ. ಖಗೋಳದ ಲೆಕ್ಕದಲ್ಲಿ ಅದು ಕ್ರಿ.ಪೂ. 763ರ ಜೂನ್ 15. ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಕ್ರಿ.ಪೂ. 853ರ ಕರ್ಕರ್ ಯುದ್ಧ, ಅದರಲ್ಲಿ ಅಶ್ಶೂರದ ಎದುರು 2,000 ರಥಗಳೊಂದಿಗೆ ನಿಂತ ಇಸ್ರೇಲಿನ ಅರಸ ಅಹಾಬ. ತಮಾಷೆಯೆಂದರೆ ಅಹಾಬನನ್ನು ಅಷ್ಟೊಂದು ಬಯ್ಯುವ ಬೈಬಲ್ ಈ ಯುದ್ಧದ ಸುದ್ದಿಯನ್ನೇ ಎತ್ತುವುದಿಲ್ಲ.

ನನಗೆ ಎಲ್ಲಕ್ಕಿಂತ ರುಚಿಸುವುದು ಯೆಹೂದದ ಅರಸ ಹಿಜ್ಕೀಯನ ಪ್ರಸಂಗ. ಕ್ರಿ.ಪೂ. 701ರಲ್ಲಿ ಅಶ್ಶೂರದ ಅರಸ ಸನ್ಹೇರೀಬ ಯೆಹೂದದ ಮೇಲೆ ಬಿದ್ದ. ಮಣ್ಣಿನ ಆರುಮೂಲೆ ಕಂಬದ ಮೇಲೆ ತನ್ನ ಲೆಕ್ಕ ಬರೆಸಿದ: ಊರುಗಳನ್ನು ಗೆದ್ದೆ, ಹಿಜ್ಕೀಯನನ್ನು ಯೆರೂಸಲೇಮಿನೊಳಗೆ ಪಂಜರದ ಹಕ್ಕಿಯ ಹಾಗೆ ಕೂಡಿಹಾಕಿದೆ, 30 ತಲಾಂತು ಬಂಗಾರ ಕಸಿದೆ. ಬೈಬಲ್ಲಿನಲ್ಲೂ ಬಂಗಾರ 30 ತಲಾಂತೇ! ಬೆಳ್ಳಿಗೆ ಬಂದಾಗ ಲೆಕ್ಕ ಮುರಿಯುತ್ತದೆ, ಬೈಬಲ್ 300 ಎಂದರೆ ಅವನು 800 ಎನ್ನುತ್ತಾನೆ. ಲಾಕೀಷ್ ಊರನ್ನು ಹಿಡಿದ ಚಿತ್ರವನ್ನು ಅರಮನೆಯ ಗೋಡೆಯ ತುಂಬ ಕೆತ್ತಿಸಿದವನು ಯೆರೂಸಲೇಮನ್ನು ಹಿಡಿದೆ ಎಂದು ಎಲ್ಲೂ ಹೇಳುವುದಿಲ್ಲ. ದೇವದೂತ ಒಂದೇ ರಾತ್ರಿ ಅವನ ದಂಡಿನ 1,85,000 ಮಂದಿಯನ್ನು ಹೊಡೆದ ಎನ್ನುವುದು ಬೈಬಲ್ಲಿನ ಮಾತು. ಪಟ್ಟಣ ಉಳಿಯಿತು ಎನ್ನುವವರೆಗೆ ಎರಡು ಸಾಕ್ಷಿಗಳೂ ಜೊತೆಗೆ ನಡೆಯುತ್ತವೆ. ದೂತನ ತನಕ ಮಣ್ಣಿನ ಕಂಬ ಬರುವುದಿಲ್ಲ, ಬರಬೇಕೆಂದು ಅದನ್ನು ಜಗ್ಗುವುದು ನಂಬಿಕೆಗೂ ಇತಿಹಾಸಕ್ಕೂ ಶೋಭೆಯಲ್ಲ. "ಅದು ನಮಗ ಬಿಟ್ಟಿದ್ದು, ನಿನ್ನ ಕಂಬಕ್ಕಲ್ಲ" ಎಂದರು ಮಾಸ್ತರ್ರು, ಸಿಟ್ಟಿಲ್ಲದೆ.

ಸನ್ಹೇರೀಬನ ಅಂಥ ಒಂದು ಕಂಬ ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ರಟ್ಟ ಅರಸ ಕಾರ್ತವೀರ್ಯನ ಕಾಲದ, 1204ರ, ಬೆಳಗಾವಿಯ ಜೈನ ಶಾಸನಗಳೂ ಅಲ್ಲಿಯೇ ಇವೆ. ನಮ್ಮೂರಿನ ಕಲ್ಲನ್ನೂ ನೋಡಲು ಲಂಡನ್ನಿಗೆ ಹೋಗಬೇಕೇ ಎಂದು ಮಾಸ್ತರ್ರು ಗೊಣಗಿದರು.

ಮರಳುವಾಗ ನಂದಗಡದಲ್ಲಿ ಇಳಿದೆವು. 1831ರ ಜನವರಿ 26ರಂದು ಕಂಪನಿ ಸರಕಾರದ ವಿರುದ್ಧ ಬಂಡೆದ್ದ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ಊರಿದು. ಬಳ್ಳಾರಿಯಲ್ಲಿ ಹ್ಯಾಂಡ್ಸ್ ಮತ್ತು ರೀವ್ ಅವರ ಕನ್ನಡ ಬೈಬಲ್ ಪೂರ್ತಿ ಅಚ್ಚಾದದ್ದೂ ಅದೇ ವರ್ಷ. ರಾಯಣ್ಣನ ಸಮಾಧಿಯ ಆಲದ ಮರಕ್ಕೆ ಜನ ಹರಕೆ ಕಟ್ಟುತ್ತಾರೆ. ಅದನ್ನು ನೆಟ್ಟವರು ಯಾರೆಂಬುದು ಲಾವಣಿಗಾರರ ಬಾಯಲ್ಲಿದೆ, ಅವನನ್ನು ಗಲ್ಲಿಗೇರಿಸಿದ್ದು ಕಂಪನಿ ಸರಕಾರದ ಕಾಗದದಲ್ಲಿದೆ.

ಮಾಸ್ತರ್ರು ಚಪ್ಪಲಿ ಕಳಚಿ ಕೈಮುಗಿದರು. ಆಮೇಲೆ ನನ್ನ ಕಡೆ ತಿರುಗಿ, "ಹಂಗಾರ ರಾಯಣ್ಣಗೂ ಗಟ್ಟಿ ಸಾಕ್ಷಿ ಅಂದ್ರ ಅವನ ವೈರಿ ಬರೆದದ್ದ ಆತಲ್ಲೋ ತಮ್ಮಾ, ಹಿಜ್ಕೀಯಗ ಸನ್ಹೇರೀಬ ಆದಂಗ" ಎಂದರು. ಹೌದ್ರಿ ಮಾಸ್ತರ್ರ ಎಂದೆ. ಖಾನಾಪುರದ ಬಸ್ಸಿಗೆ ಇನ್ನೂ ಹೊತ್ತಿತ್ತು, ಅವರು ಪಿಲಾತನ ಕಲ್ಲಿನ ಮಾತನ್ನು ಮತ್ತೆ ಮೊದಲಿನಿಂದ ಎತ್ತಿಕೊಂಡರು.